ಬಾನೆಟ್ಟಿಗೆ ಗಂಡನ ಬೆಲ್ಟು

ಹಳೆಯ ಕಾರು ಓಟದ ಮೂಕಿ ಚಿತ್ರಗಳನ್ನು ಮನಸ್ಸಿಟ್ಟು ನೋಡಿದವರಿಗೆ ಮೆಕ್ಯಾನಿಕ್ಕಿನ ಅಗತ್ಯವಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಬಹ್ರೇನಿನ ಬುದಯ್ಯದ ನಮ್ಮ ಮನೆಗೆ ಮಧ್ಯಾಹ್ನ ಪಕ್ಕದ ಮನೆಯ ಜುಬೈದಕ್ಕ ಬರುತ್ತಾರೆ. ಚಹಾ ಕುಡಿಯುತ್ತಾ ಇಬ್ಬರೂ ಅವನ್ನೇ ನೋಡುತ್ತೇವೆ. ಧೂಳು, ಮೀಸೆ, ದೊಡ್ಡ ಕನ್ನಡಕ, ಕಳಚಿ ಓಡುವ ಚಕ್ರ! ಚಾಲಕನ ಪಕ್ಕದಲ್ಲೊಬ್ಬ ಹೊರಗೆ ಬಾಗಿ ದಾರಿ ನೋಡುತ್ತಿರುತ್ತಾನೆ. ಜುಬೈದಕ್ಕನ ಕಣ್ಣು ವೀರರ ಮೇಲೆ. ನನ್ನ ಕಣ್ಣು ಬಾನೆಟ್ಟಿನ ಮೇಲೆ. ಅದನ್ನು ಚರ್ಮದ ಬೆಲ್ಟಿನಿಂದ ಬಿಗಿದಿರುತ್ತಾರೆ!

ಆ ಶುಕ್ರವಾರ ಜುಬೈದಕ್ಕನ ಮಗಳ ನಿಶ್ಚಿತಾರ್ಥ, ಹೂರಾದಲ್ಲಿರುವ ಅವರ ತಮ್ಮನ ಫ್ಲ್ಯಾಟಿನಲ್ಲಿ. ಕೇಕು ನನ್ನದು. ಕ್ರೀಮು ಕರಗುವ ಮುನ್ನ ಅದು ತಲುಪಬೇಕು. ಹೇಳಿದ್ದ ಟ್ಯಾಕ್ಸಿ ಬರಲಿಲ್ಲ. ನಮ್ಮ ಕಾರಿನ ಬಾನೆಟ್ಟಿನ ಲಾಕು ಸಡಿಲ. "ಟುಬ್ಲಿಯ ಗ್ಯಾರೇಜಿಗೆ ತೋರಿಸುವವರೆಗೆ ಮುಟ್ಟಬೇಡ" ಎಂದು ನಮ್ಮವರ ಕಟ್ಟಪ್ಪಣೆ. ಆದರೆ ಅವರು ಸ್ನಾನಕ್ಕೆ ಹೋಗಿದ್ದರು. ಅವರಿಗಿದ್ದ ಒಂದೇ ಬೆಲ್ಟು ಮಂಚದ ಮೇಲಿತ್ತು.

"ಐರಿನ್, ಇದು ನಿಲ್ತದಾ?" ಬಾನೆಟ್ಟಿಗೆ ಬಿಗಿದ ಬೆಲ್ಟನ್ನು ಎಳೆದು ನೋಡಿ ಜುಬೈದಕ್ಕ ಕೇಳಿದರು.

"ಸಿನೆಮಾದಲ್ಲಿ ನಿಂತಿದೆಯಲ್ಲ ಅಕ್ಕ!"

ನಾನು ಶಿಲುಬೆಯ ಗುರುತು ಮಾಡಿದೆ. ಅವರು ಬಿಸ್ಮಿಲ್ಲಾ ಎಂದರು. ಇಷ್ಟು ಬಂದೋಬಸ್ತಿನಲ್ಲಿ ಹೊರಟ ಕಾರು ಬೇರೊಂದಿರಲಾರದು.

ಖರ್ಜೂರದ ತೋಟ ದಾಟಿದ್ದೇ ತಡ, ಬೆಲ್ಟು ಕಳಚಿ ಬಾನೆಟ್ಟು ಎದ್ದು ನಿಂತಿತು. ರಸ್ತೆಯೇ ಮಾಯ!

"ಬಲಕ್ಕೆ ಮಾರಾಯ್ತಿ, ಬಲಕ್ಕೆ!" ಕೇಕನ್ನು ಎದೆಗವಚಿಕೊಂಡು ಜುಬೈದಕ್ಕ ಕಿಟಕಿಯಿಂದ ಹೊರಗೆ ಬಾಗಿದ್ದರು, ಥೇಟ್ ಸಿನೆಮಾದವನಂತೆ. ಅವರ ಕೃಪೆಯಿಂದ ಕಾರು ಬದಿಯ ಮರಳಿನಲ್ಲಿ ಸುಖವಾಗಿ ನಿಂತಿತು.

ಆಗಲೇ ಫೋನು.

"ನನ್ನ ಬೆಲ್ಟ್ ಎಲ್ಲುಂಟು?"

"ಕಾರಿನಲ್ಲುಂಟು."

"ಕಾರಿನಲ್ಲಿ ಎಲ್ಲಿ?"

"ಹೊರಗೆ." ಹಿಂತಿರುಗಿ ನೋಡಿದೆ. "ಈಗ ಅದರ ಮೇಲೆ ಲಾರಿ ಹೋಯ್ತು."

ಫೋನು ಕಟ್ಟಾಯಿತು.

ಪಿಕಪ್ ನಿಲ್ಲಿಸಿ ಇಳಿದು ಬಂದ ಬಹ್ರೇನಿ ಅಜ್ಜ ಒಬ್ಬರು ಬಾನೆಟ್ಟು ನೋಡಿದರು, ಕೇಕು ನೋಡಿದರು, ನಕ್ಕರು. "ಖಲ್ಲಿ ವಲ್ಲಿ, ಸಿಸ್ಟರ್" ಎಂದರು. ಹೋಗಲಿ ಬಿಡಿ ಎಂದರ್ಥ. ತಲೆಗೆ ಸುತ್ತಿದ್ದ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಬಿಚ್ಚಿ ಬಾನೆಟ್ಟಿಗೆ ಬಿಗಿದರು! ಲೈಟು ಮಿನುಗಿಸುತ್ತಾ ಹೂರಾದವರೆಗೂ ನಮ್ಮ ಮುಂದೆ ಹೋದರು. ದಾರಿಯಲ್ಲಿ ನಮ್ಮನ್ನು ಒಂದು ಸೈಕಲ್ಲು ಹಿಂದೆ ಹಾಕಿತು. ತಲುಪಿದ ಮೇಲೆ ಗ್ರೀಸು ಹತ್ತಿದ ಬಟ್ಟೆಯನ್ನು ಮತ್ತೆ ತಲೆಗೇ ಸುತ್ತಿಕೊಂಡು, ಚಹಾಕ್ಕೂ ನಿಲ್ಲದೆ ಹೊರಟುಬಿಟ್ಟರು. ಆ ಪುಣ್ಯಾತ್ಮರನ್ನು ಈಗಲೂ ಪ್ರಾರ್ಥನೆಯಲ್ಲಿ ನೆನೆಯುತ್ತೇನೆ.

ಕೇಕಿನಲ್ಲಿ ಒಂದು ಗುಲಾಬಿ ಮಾತ್ರ ಓರೆಯಾಗಿತ್ತು. ಮದುಮಗಳು ಅದನ್ನೇ ಮೊದಲು ಬಾಯಿಗಿಟ್ಟು ನನ್ನನ್ನು ತಬ್ಬಿಕೊಂಡಳು.

ಅಷ್ಟರಲ್ಲಿ ನಮ್ಮವರು ಬಾಗಿಲಲ್ಲಿ! ಗೆದ್ದ ಓಟಗಾರ ಒಂದು ಕೈ ಸ್ಟೇರಿಂಗಿನಲ್ಲಿಟ್ಟು ಇನ್ನೊಂದನ್ನು ಎತ್ತುತ್ತಾನಲ್ಲ, ಅದೇ ಭಂಗಿ. ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಎಲ್ಲರಿಗೂ ಸಲಾಂ. ಬೈಗುಳಕ್ಕೆ ತಲೆತಗ್ಗಿಸಿ ನಿಂತೆ.

"ನಿಮಗಿಬ್ಬರಿಗೆ ಪೆಟ್ಟಾಗಲಿಲ್ಲ ಅಲ್ವಾ?" ಎಂದರು. ಅಷ್ಟೇ.

ಈಗಲೂ ಓಟದ ಚಿತ್ರ ನೋಡುತ್ತೇವೆ. ಜುಬೈದಕ್ಕ ವೀರರಿಗೆ ಚಪ್ಪಾಳೆ ತಟ್ಟುತ್ತಾರೆ. ನನ್ನ ಕಣ್ಣು ಬಾನೆಟ್ಟಿನ ಬೆಲ್ಟಿನ ಮೇಲೇ ಇರುತ್ತದೆ. ಪಾಪ, ಯಾವ ಗಂಡನದ್ದೋ!