ನೋಡಿಕೊಂಡು ಕಾಯಿ ಉದುರಿಸುವ ಮರ

ಇಡೀ ತಿಪಟೂರಿನಲ್ಲಿ ನಮ್ಮಣ್ಣನಿಗೆ ನಂಬಿಕೆ ಇರುವುದು ಆರೇ ಆರು ಜನರ ಮೇಲೆ. ಆ ಆರೂ ತೆಂಗಿನ ಮರಗಳು! ಒಡಹುಟ್ಟಿದ ನಾನು ಆ ಲೆಕ್ಕದಲ್ಲಿಲ್ಲ. ಇರಲಿ ಬಿಡಿ, ನಾನೀಗ ಅಜ್ಜಿಯಾಗಿದ್ದೇನೆ. ಯಾರ ಮೇಲೂ ಕೋಪವೇ ಬರುವುದಿಲ್ಲ. ನನ್ನ ಮೊಮ್ಮಗಳ ಕೆನ್ನೆ ನೀವು ನೋಡಬೇಕು, ಆಕಳಿಸಿದರೆ ಬಾಯಿ... ಅಯ್ಯೋ, ಹೇಳಹೊರಟಿದ್ದು ಅಣ್ಣನ ವಿಷಯ!

ಅವನ ಮನೆಗೂ ನಮ್ಮ ಮನೆಗೂ ಒಂದೇ ಅಂಗಳ. ಆ ಮರಗಳ ಕೆಳಗೆ ಸುಣ್ಣದ ಗೆರೆ ಎಳೆದು, ಕಾರು ನಿಲ್ಲಿಸುವವರಿಗೆ ಜಾಗ ಬಾಡಿಗೆಗೆ ಕೊಟ್ಟಿದ್ದಾನೆ. ಕರಾರು ಪತ್ರ ಅವನೇ ಬರೆದದ್ದು: ‘ಕಾರು ಕಳುವಾದರೆ ಹೊಣೆ ನನ್ನದು. ಇಲಿ ವೈರು ಕಡಿದರೆ ಹೊಣೆ ನನ್ನದು. ಮರ ಏನೂ ಮಾಡುವುದಿಲ್ಲ.’

ಊರಿನವರೆಲ್ಲ ಬಲಿತ ಕಾಯಿ ಕೀಳಿಸಿ, ಅಟ್ಟಕ್ಕೆ ಹಾಕಿ, ಕೊಬ್ಬರಿಯಾಗಲು ಕಾಯುತ್ತಾರೆ. ಅಣ್ಣ ಕೀಳಿಸುವುದೇ ಇಲ್ಲ. “ಮರ ತಾನಾಗಿ ಕೊಟ್ಟಾಗ ಇಸ್ಕೋಬೇಕು ಕಣಮ್ಮ, ಕಿತ್ಕೋಬಾರ್ದು” ಅನ್ನುತ್ತಾನೆ. ತೆಂಗಿನ ಮರ ನೋಡಿಕೊಂಡೇ ಕಾಯಿ ಉದುರಿಸುತ್ತದೆ, ಕೆಳಗೆ ಜೀವ ಇದ್ದರೆ ಉದುರಿಸುವುದಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದರು. ನಾವೆಲ್ಲ ಕೇಳಿ ಸುಮ್ಮನಾದೆವು; ಇವನು ನಂಬಿಬಿಟ್ಟ!

ಒಮ್ಮೆ ಕಾಲೇಜಿನ ಮೇಷ್ಟ್ರೊಬ್ಬರು ತಮ್ಮ ಕಾರಿನ ಮೇಲೆ ಬಲೆ ಕಟ್ಟಲು ಬಂದರು. ಅಣ್ಣ ಅಡ್ಡ ನಿಂತ. “ಮರದ ಎದುರಿಗೇ ಬಲೆ ಕಟ್ತೀರಲ್ಲ ಮೇಷ್ಟ್ರೇ, ಅದುಕ್ಕೆ ಎಷ್ಟು ಬೇಜಾರಾಗಾಕಿಲ್ಲ?” ಮೇಷ್ಟ್ರು ಒಮ್ಮೆ ಮರ ನೋಡಿದರು, ಒಮ್ಮೆ ಅಣ್ಣನನ್ನು ನೋಡಿದರು. ಮರುದಿನದಿಂದ ಕಾರೂ ಇಲ್ಲ, ಮೇಷ್ಟ್ರೂ ಇಲ್ಲ!

ಮಗಳು ಕೂಸಿನೊಂದಿಗೆ ಆಸ್ಪತ್ರೆಯಿಂದ ಬಂದ ದಿನ ನಗುವುದಕ್ಕೆ ಏನೂ ಉಳಿಯಲಿಲ್ಲ. ಕರೆತಂದವನು ನಮ್ಮ ಅಂಗಳದಲ್ಲೇ ಗಾಡಿ ನಿಲ್ಲಿಸುವ ಟ್ಯಾಕ್ಸಿ ಡ್ರೈವರು. ತನ್ನ ಗೆರೆಯೊಳಗೇ ತಂದು ನಿಲ್ಲಿಸಿದ. ಗೆರೆ ದಾಟಿದರೆ ಅಣ್ಣ ಸುಮ್ಮನಿರುತ್ತಾನೆಯೇ?

“ಯಾರೂ ಇಳೀಬ್ಯಾಡ್ರಿ, ಆರತಿ ತತ್ತೀನಿ!” ಎಂದು ಅಣ್ಣ ಒಳಗೋಡಿದ. ಆರತಿ ಎತ್ತದೆ ಬಾಣಂತಿ ಹೊಸಿಲು ದಾಟುವಂತಿಲ್ಲ, ನಿಜ. ಆದರೆ ನನಗೆ ತಡೆದೀತೇ? ಕಾರಿನ ಬಾಗಿಲು ತೆಗೆದು ಕೂಸನ್ನು ಎತ್ತಿಕೊಂಡೇಬಿಟ್ಟೆ. “ಅಮ್ಮಾ, ಕತ್ತು ಹಿಡ್ಕೊಳೇ!” ಎಂದು ಬೈಯುತ್ತ ಮಗಳೂ ಹಿಂದೆಯೇ ಇಳಿದಳು, ಅವಳ ಚೀಲ ಹಿಡಿದು ಡ್ರೈವರೂ ಇಳಿದ. ಜಗಲಿಯ ಹತ್ತಿರ ಬಂದಿದ್ದೆವು, ಅಷ್ಟೇ.

ಸದ್ದಿಗೆ ಟೈರು ಒಡೆಯಿತೆಂದುಕೊಂಡೆ. ತಿರುಗಿ ನೋಡಿದರೆ ಕಾರಿನ ಹಿಂದಿನ ಗಾಜು ಪುಡಿಪುಡಿ, ಮೇಲಿನ ತಗಡು ಒಳಕ್ಕೆ ಕುಸಿದಿದೆ. ಮಗಳು ಕೂತಿದ್ದ ಜಾಗದಲ್ಲಿ ಒಂದು ತೆಂಗಿನಕಾಯಿ ಕೂತಿದೆ. ಕೂಸಿಗೆ ಹಾಸಿದ್ದ ಬಟ್ಟೆಯ ತುಂಬ ಗಾಜು.

ಅಣ್ಣ ಆರತಿ ತಟ್ಟೆ ಹಿಡಿದು ಓಡಿಬಂದ. ಕಾರು ನೋಡಿದ, ಮರ ನೋಡಿದ, ಮುಖ ಅರಳಿತು!

“ನೋಡ್ದೇನಮ್ಮ! ಕೂಸು ಇಳಿಯೋಗಂಟ ಕಾದೈತೆ!”

ಡ್ರೈವರು ಕುಸಿದ ತಗಡನ್ನು ಮುಟ್ಟಿ ನೋಡಿ ಅಣ್ಣನತ್ತ ತಿರುಗಿದ. “ಮರ ಕಾದಿದ್ದು ಸರಿ ಯಜಮಾನ್ರೇ, ನನ್ ಗಾಡಿಗೆ ಯಾರು ಹೊಣೆ?”

“ಗಾಡಿಗೆ ಜೀವ ಐತೇನ್ಲಾ? ಇದ್ದಿದ್ರೆ ಬೀಳ್ತಿರ್ಲಿಲ್ಲ.”

“ಇನ್ಶೂರೆನ್ಸ್‌ನೋರಿಗೆ ಇದುನ್ನೇ ಹೇಳ್ಲಾ? ನಿಮ್ಮ ಮರದ ಕಾಯಿ ಬಿದ್ದು ಹಿಂಗಾಯ್ತು ಅಂತ ಒಂದು ಕಾಗ್ದ ಬರ್ಕೊಡಿ.”

“ನನ್ ಮರದ ಮ್ಯಾಲೆ ನಾನೇ ದೂರು ಬರೀಲಾ? ಆಗಾಕಿಲ್ಲ!”

ಡ್ರೈವರು ಜಗಲಿಯ ಮೆಟ್ಟಿಲ ಮೇಲೆ ಕುಸಿದ. ಅವನ ಮನೆಯ ಒಲೆ ಉರಿಯುವುದು ಆ ಒಂದು ಗಾಡಿಯಿಂದ. ನನ್ನ ಮಗಳು ಕಾರಿನ ಹತ್ತಿರ ಹೋಗಿ, ಗಾಜು ಚೆಲ್ಲಿದ್ದ ಬಟ್ಟೆಯನ್ನು ಹಾಗೆಯೇ ಮಡಿಸಿ ತಂದು ಅಣ್ಣನ ಮುಂದೆ ಹಿಡಿದಳು.

“ಮಾವ, ನಿನ್ನ ಮಾತು ಕೇಳಿ ನಾವು ಅಲ್ಲೇ ಕೂತಿದ್ದಿದ್ರೆ?”

ಅಣ್ಣ ಬಟ್ಟೆ ನೋಡಿದ. ತಟ್ಟೆಯ ಕೆಂಪು ನೀರು ಅವನ ಪಂಚೆಯ ಮೇಲೆಲ್ಲ ತುಳುಕಿತು.

ಸಂಜೆಯೊಳಗೆ ಕಾಗದ ಬರೆದಿದ್ದ. ನನಗೆ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಹೊತ್ತು ಮುಳುಗುತ್ತದೆ, ಮಗಳೇ ಓದಿದಳು: ‘ಕಾಯಿ ನನ್ನ ಮರದ್ದು. ಬಲಿತಿದ್ದನ್ನು ಕೀಳಿಸದೆ ಬಿಟ್ಟವನು ನಾನು. ಇನ್ಶೂರೆನ್ಸ್‌ನವರು ಒಪ್ಪದಿದ್ದರೂ ಗಾಡಿ ರಿಪೇರಿ ಮಾಡಿಸುವ ಹೊಣೆ ನನ್ನದು. ಮರದ ತಪ್ಪೇನೂ ಇಲ್ಲ.’ ಆ ಕೊನೆಯ ಸಾಲನ್ನು ಹೊಡೆದುಹಾಕು ಎಂದು ಹೇಳಲು ನಮಗ್ಯಾರಿಗೂ ಮನಸ್ಸು ಬರಲಿಲ್ಲ.

ಮರುದಿನ ಕಾಯಿ ಕೀಳುವವನು ಬಂದ. ಬಲಿತದ್ದು, ಎಳನೀರು, ಗೋಲಿಗಾತ್ರದ ಹೀಚು, ಎಲ್ಲ ಗೊನೆಗೊನೆಯಾಗಿ ಇಳಿಯಿತು. ಪ್ರತಿ ಗೊನೆ ನೆಲಕ್ಕೆ ಬಿದ್ದಾಗಲೂ ಅಣ್ಣ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

“ಹೀಚನ್ನಾದ್ರೂ ಬುಡೋ ಅಣ್ಣ” ಎಂದೆ.

“ಬ್ಯಾಡ ಕಣಮ್ಮ. ಅದೂ ಬಲೀತೈತೆ.”

ಈಗ ದಿನಾ ಬೆಳಿಗ್ಗೆ ಕೂಸನ್ನು ಎಳೆಬಿಸಿಲಿಗೆ ಹಿಡಿಯುವ ಕೆಲಸ ಅಣ್ಣನದು. ಬಿಸಿಲು ಬೀಳುವುದು ಅಂಗಳದ ಆಚೆ ತುದಿಯಲ್ಲಿ. ಮರಗಳಲ್ಲಿ ಬರಿಯ ಗರಿ, ಉದುರಲು ಒಂದು ಹೀಚೂ ಇಲ್ಲ. ಆದರೂ ಅವುಗಳ ಕೆಳಗೆ ಬಂದ ಕೂಡಲೇ ಅವನು ಕೂಸನ್ನು ಎದೆಗೆ ಅವಚಿಕೊಂಡು, ಮೇಲಕ್ಕೆ ಬೆನ್ನು ಕೊಟ್ಟು, ಅದರ ಮೇಲೆ ಪೂರಾ ಬಗ್ಗಿಕೊಂಡು ನಡೆಯುತ್ತಾನೆ.