ಕಾಕುವಿನ ಗುರುವಾರದ ಪರೀಕ್ಷೆ

ನಮ್ಮ ಕಾಕು, ಅಂದರೆ ಚಿಕ್ಕಪ್ಪ ಕಾಕಾನ ಹೆಂಡತಿ, ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಸೆರಗು ಹೊದ್ದು ಕೂರುತ್ತಾಳೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ನಾನೂ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು, ಪುರಾವೆ ಇಲ್ಲದೆ ಯಾವುದನ್ನೂ ಒಪ್ಪುವವಳಲ್ಲ. ಆದರೆ ಮರಾಠಿ ಸೀಮೆಯ ತಳೇಗಾಂವದ ಅವರ ಮನೆಯಲ್ಲೇ ಇದ್ದುಕೊಂಡು ಓದಿದವಳಾದ್ದರಿಂದ ಕಣ್ಣಾರೆ ನೋಡಿಬಿಟ್ಟಿದ್ದೇನೆ. ಏನು ಮಾಡಲಿ?

ಹಗಲು ಕಾರ್ಖಾನೆಯ ಪ್ಯಾಕಿಂಗ್ ವಿಭಾಗ, ಸಂಜೆ ಇಬ್ಬರು ಮಕ್ಕಳು ಮತ್ತು ರೊಟ್ಟಿ, ಇವೆರಡರ ಸಂದಿಯಲ್ಲಿ ಆನ್‌ಲೈನ್ ಬಿ.ಕಾಂ. ಆಗಿನ್ನೂ ಇಂಥ ಕಾಲೇಜು ಎಂದರೆ ಜನ ನಗುತ್ತಿದ್ದರು. ಕಾಕುವಿಗೆ ಮಾತ್ರ ಪರದೆಯ ಮೇಲಿನ ಸರ್ ಸಾಕ್ಷಾತ್ ಸರ್. ಅವರತ್ತ ಯಾರೂ ಕಾಲು ಚಾಚುವಂತಿಲ್ಲ, ಪಾಠದ ನಡುವೆ ಅಡ್ಡ ಹಾಯುವಂತಿಲ್ಲ. ‘ಸಮಝೇ?’ ಎಂದು ಅವರು ಕೇಳಿದರೆ, ಅಡುಗೆಮನೆಯಿಂದ ರೊಟ್ಟಿ ಬಡಿಯುತ್ತಲೇ ‘ಹೌದ್ರಿ ಸರ್!’

“ಕಾಕು, ಅದು ರೆಕಾರ್ಡಿಂಗು. ಅವರಿಗೆ ಕೇಳೂದಿಲ್ಲ.”

“ಕೇಳಿದವರಿಗೆ ಉತ್ತರಾ ಕೊಡೂದು ಬ್ಯಾಡೇನ? ಇದನ್ನ ಕಲಿಸ್ಯಾರೇನ ನಿಮ್ಮ ಕಾಲೇಜಿನ್ಯಾಗ?”

ತಿಳಿಯದಿದ್ದರೆ ‘ಇಲ್ರಿ ಸರ್’ ಎನ್ನುತ್ತಿದ್ದಳು. ಸರ್ ಲೆಕ್ಕಿಸದೆ ಮುಂದಕ್ಕೆ ಹೋದರೆ ಆ ಸಂಜೆಯೆಲ್ಲ ಮುನಿಸು! ಇಂಟರ್‌ನೆಟ್ ನಿಂತು ಅವರು ಬಾಯಿ ತೆರೆದಂತೆಯೇ ಸ್ತಬ್ಧವಾದರೆ ನಮಗೆ ಎಚ್ಚರಿಕೆ: “ಗದ್ದಲಾ ಮಾಡಬ್ಯಾಡ್ರಿ, ಸರ್ ವಿಚಾರ ಮಾಡಾಕತ್ತಾರ.”

ಸವಕಳಿಯ, ಅಂದರೆ ವಸ್ತು ಹಳತಾದಂತೆ ಬೆಲೆ ಇಳಿಸುವ ಲೆಕ್ಕದ, ಪಾಠವಾದ ವಾರವಂತೂ ಮನೆಯ ಸಾಮಾನಿಗೆಲ್ಲ ಸವಕಳಿ ಹಚ್ಚಿದಳು. ಮಿಕ್ಸರಿಗೆ ಇಷ್ಟು, ಸ್ಕೂಟರಿಗೆ ಇಷ್ಟು. ಕೊನೆಗೆ ಕಣ್ಣು ಕಾಕಾನ ಮೇಲೆ ನಿಂತಿತು. ಕಾಕಾ ಎದ್ದು ಬಾಲ್ಕನಿಗೆ ಹೋದರು. ಅವಳ ಓದಿನ ಬಗ್ಗೆ ಅವರು ಬೇಕೂ ಅಂದಿಲ್ಲ, ಬೇಡವೂ ಅಂದಿಲ್ಲ. ನನ್ನ ಲೆಕ್ಕದಲ್ಲಿ ಅವರೊಂದು ತಟಸ್ಥ ರಾಷ್ಟ್ರ.

ನಗು ಅಲ್ಲಿಗೆ ಮುಗಿಯಿತು. ಕಾಸ್ಟಿಂಗ್ ಎಂಬ ವೆಚ್ಚದ ಲೆಕ್ಕದ ಒಂದೇ ವಿಷಯ ಅವಳನ್ನು ಎರಡು ಸಲ ಕೆಡವಿತ್ತು. ಮೂರನೆಯದು ಕೊನೆಯ ಅವಕಾಶ. ಬಿದ್ದರೆ ಹೆಸರು ರದ್ದು, ಮತ್ತೆ ಮೊದಲ ವರ್ಷದಿಂದ! “ಮತ್ತ ಮೊದಲಿಂದ ಓದೂ ತಾಕತ್ತು ನನಗಿಲ್ಲವಾ,” ಎಂದು ಪಾತ್ರೆ ತಿಕ್ಕುತ್ತ ಒಮ್ಮೆ ಹೇಳಿದಳು. ಆಮೇಲೆ ಆ ಮಾತೇ ಎತ್ತಲಿಲ್ಲ.

ಪರೀಕ್ಷೆಯ ದಿನವನ್ನು ಅವರವರೇ ಆರಿಸಿಕೊಳ್ಳಬಹುದಿತ್ತು. ಕಾಕು ಆರಿಸಿದ್ದು ಯಾವುದನ್ನು? ಗುರುವಾರ!

“ಕಾಕು, ಗುರುವಾರ ಕರೆಂಟ್ ಇರೂದಿಲ್ಲ!”

“ಕಾರ್ಖಾನಿಗೆ ಸೂಟಿ ಇರೂದು ಅವತ್ತಽ ಅಲ್ಲೇನ?”

“ಕರೆಂಟ್ ಇಲ್ಲಂತನಽ ಸೂಟಿ ಕೊಡ್ತಾರ ಕಾಕು!”

ಅವಳು ಓಡಿಹೋಗಿ ಕಂಪ್ಯೂಟರು ತೆರೆದಳು. ದಿನ ಬದಲಿಸುವ ಗಡುವು ದಾಟಿತ್ತು.

ಗುರುವಾರ ಅವಳನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಸ್ಟೇಷನ್ ಹತ್ತಿರದ ಸೈಬರ್ ಕೆಫೆಗೆ ಓಡಿಸಿದೆ. ಅಲ್ಲೂ ಕರೆಂಟ್ ಇರಲಿಲ್ಲ, ಕಂಪ್ಯೂಟರುಗಳಿಗಷ್ಟೇ ಬ್ಯಾಟರಿ ಇತ್ತು. ಕಾಕಾ ಬಸ್ಸಿನಲ್ಲಿ ಹಿಂದೆ ಬಂದರು. ಬಂದು ಬಾಗಿಲಲ್ಲೇ ನಿಂತರು. ಕಾಕು ಸೆರಗು ಹೊದ್ದು, ಪರದೆಗೆ ಕೈಮುಗಿದು ಶುರುಮಾಡಿದಳು. ನಡುವೆ ಸಂಪರ್ಕ ಕಡಿದರೆ ಮತ್ತೆ ಪರೀಕ್ಷೆಯೊಳಗೆ ಬಿಡುವುದಿಲ್ಲ.

ಅರ್ಧ ಪರೀಕ್ಷೆಗೆ ಬ್ಯಾಟರಿ ಕುಂಯ್‌ಗುಡತೊಡಗಿತು. “ಇಷ್ಟೂ ಮಶೀನು ನಡೆದರೆ ಉಳಿಯೋದಿಲ್ಲ ತಾಯೀ,” ಎಂದು ಮಾಲೀಕ ಮರಾಠಿಯಲ್ಲಿ ಕೈಯೆತ್ತಿಬಿಟ್ಟ.

ಇಂಥ ಸಂದರ್ಭಕ್ಕಲ್ಲವೇ ಚರ್ಚೆಯಲ್ಲಿ ನಾನು ಇಷ್ಟು ಕಪ್‌ಗಳನ್ನು ಗೆದ್ದದ್ದು? ಎದ್ದು ನಿಂತೆ. ಎಲ್ಲರ ಹಿತ, ತುರ್ತು, ಮಾನವೀಯತೆ ಎಂದು, ಉಳಿದವರು ಮಶೀನು ಆರಿಸಬೇಕೆಂದು ಅಚ್ಚ ಮರಾಠಿಯಲ್ಲಿ ವಾದ ಮಂಡಿಸಿದೆ. ಚಾಟ್ ಮಾಡುತ್ತಿದ್ದವನೊಬ್ಬ ತಲೆಯೆತ್ತದೆ ಅಂದ: “ತಾಈ, ಮೀ ಪಣ ಪೈಸೇ ದಿಲೇತ್.” ನಾನೂ ದುಡ್ಡು ಕೊಟ್ಟಿದ್ದೇನೆ ಅಕ್ಕಾ, ಅಂತ! ಇದಕ್ಕೆ ಪ್ರತಿವಾದ ಏನಿದೆ? ಬ್ಯಾಟರಿ ಇನ್ನೂ ಜೋರಾಗಿ ಕೂಗಿತು.

ಆಗ ಬಾಗಿಲಲ್ಲಿ ನಿಂತಿದ್ದ ಕಾಕಾ ಒಳಗೆ ಬಂದು ಕೈಮುಗಿದರು. ತಮ್ಮ ಹರಕು ಮರಾಠಿಯಲ್ಲಿ, ತಗ್ಗಿದ ದನಿಯಲ್ಲಿ ಅಂದರು: “ಮಾಝೀ ಬಾಯ್ಕೋ ಪರೀಕ್ಷಾ ದೇತೇ.” ನನ್ನ ಹೆಂಡತಿ ಪರೀಕ್ಷೆ ಬರೆಯುತ್ತಿದ್ದಾಳೆ. ಅಷ್ಟೇ. ಕಾರಣವಿಲ್ಲ, ಪುರಾವೆಯಿಲ್ಲ.

ಮೊದಲು ಚಾಟ್ ಮಾಡುತ್ತಿದ್ದವನ ಪರದೆ ಆರಿತು. ಆಮೇಲೆ ಅವನ ಪಕ್ಕದವನದು. ಒಂದೊಂದಾಗಿ ಎಲ್ಲವೂ ಆರಿ, ಆ ಕತ್ತಲ ಕೋಣೆಯಲ್ಲಿ ಕಾಕುವಿನ ಪರದೆಯೊಂದೇ ಉಳಿಯಿತು. ಯಾರೂ ಎದ್ದು ಹೋಗಲಿಲ್ಲ.

ಕಾಕು ಕೊನೆಯ ಉತ್ತರ ಒತ್ತಿದಳು. ಪರದೆ ಒಂದು ಗಳಿಗೆ ಖಾಲಿಯಾಯಿತು. ‘ಪಾಸ್’ ಎಂದು ಬಂತು.

ಕಾಕು ಸೆರಗು ಹಿಂದಕ್ಕೆ ಜಾರಿಸಿ, ಪರದೆಯಿಂದ ಕಣ್ಣು ಕೀಳದೆಯೇ ನನಗೆ ಹೇಳಿದಳು:

“ಎಷ್ಟ ಛಲೋ ಗಾಳಿ ಬರ್ತದವಾ ಇಲ್ಲೆ! ನಮ್ಮ ಮನ್ಯಾಗಿನ ಫ್ಯಾನು ಹಿಂಗ್ಯಾಕ ತಿರಗೂದಿಲ್ಲ?”

ನಾನು ಮೇಲೆ ನೋಡಿದೆ. ಫ್ಯಾನು ನಿಂತೇ ಇತ್ತು. ಅವಳ ಬೆನ್ನ ಹಿಂದೆ ಕಾಕಾ, ಅಂಗಿಯೆಲ್ಲ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದರೂ, ಮಡಚಿದ ಹಳೆಯ ಪೇಪರಿನಿಂದ ಬೀಸುತ್ತಲೇ ಇದ್ದರು. ಹೇಳಬೇಡ ಎಂದು ನನಗೆ ಕಣ್ಣಲ್ಲೇ ಸನ್ನೆ ಮಾಡಿದರು.