ರೋಗಕ್ಕೆ ಗೈರುಹಾಜರಾದ ಗಿಡ

ಮರಗೆಣಸು ಸಂಶೋಧನಾ ಕೇಂದ್ರದ ನಿಯಮಾವಳಿಯ ಪ್ರಕಾರ, ಪರೀಕ್ಷೆಗೆ ನೆಟ್ಟ ಪ್ರತಿಯೊಂದು ಗಿಡವೂ ರೋಗಕ್ಕೆ ಹಾಜರಾಗತಕ್ಕದ್ದು. ಆ ವರ್ಷ ನಲವತ್ತು ತಳಿಗಳು ಶಿಸ್ತಿನಿಂದ ಹಾಜರಾಗಿ, ಎಲೆ ಮುರುಟಿಸಿಕೊಂಡು, ಹಳದಿಗಟ್ಟಿ, ರೋಗ ಹರಡುವ ಬಿಳಿನೊಣಕ್ಕೆ ಮೈಯೊಡ್ಡಿ ನಿಂತಿದ್ದವು. ಕೊನೆಯ ಸಾಲು ಮಾತ್ರ ಹಸಿರಾಗಿ ನಳನಳಿಸುತ್ತಿತ್ತು.

ಆ ಸಾಲು ಹೊಲದ ಸಹಾಯಕಿ ಗೆಣಸಮ್ಮನದು. ಕಾಡು ಮರಗೆಣಸಿನ ಪರಾಗವನ್ನು ನಾಟಿ ಗಿಡದ ಹೂವಿಗೆ ತಾಗಿಸಿ, ಹೂವಿಗೆ ಬಟ್ಟೆಚೀಲ ಕಟ್ಟಿ, ಹನ್ನೆರಡು ವರ್ಷ ಕಾದು ಪಡೆದ ತಳಿ. ಪ್ರಯೋಗಾಲಯದವರು ಎಲೆ ಅರೆದು ನೋಡಿ, ರೋಗ ತಡೆಯುವ ವಂಶವಾಹಿ ತಂದೆಯಾದ ಕಾಡು ಗಿಡದ ಕಡೆಯಿಂದ ಬಂದಿದೆ ಎಂದು ಬರೆದುಕೊಟ್ಟಿದ್ದರು.

"ರೋಗ ಎಷ್ಟಿದೆಯಮ್ಮ?" ನಿರ್ದೇಶಕರು ನಮೂನೆ ಹಿಡಿದು ಕೇಳಿದರು.

"ಇಲ್ಲ ಸಾರ್."

"ಇಲ್ಲ ಅಂತ ಬರೆಯೋಕೆ ಇದರಲ್ಲಿ ಜಾಗ ಇಲ್ಲ. ಒಂದರಿಂದ ಐದರವರೆಗೆ ಇದೆ. ಒಂದಾದರೂ ಬರಿಸಿ."

ಗೆಣಸಮ್ಮ ಡಬ್ಬಿಗಟ್ಟಲೆ ಬಿಳಿನೊಣ ತಂದು ಬಿಟ್ಟಳು. ರೋಗದ ಗಿಡದ ತುಂಡು ಕಸಿ ಕಟ್ಟಿದಳು. ಕಸಿಯ ತುಂಡು ಸತ್ತಿತು, ಗಿಡ ಇನ್ನೊಂದು ಚಿಗುರು ಬಿಟ್ಟಿತು.

ಸಮಿತಿ ಸೇರಿ ಆದೇಶ ಹೊರಡಿಸಿತು: "ಸಾಕಷ್ಟು ಅವಕಾಶ ನೀಡಿದಾಗ್ಯೂ ಸದರಿ ಗಿಡಗಳು ರೋಗಕ್ಕೆ ಹಾಜರಾಗದ ಕಾರಣ ಪಟ್ಟಿಯಿಂದ ತೆಗೆಯಲಾಗಿದೆ. ನಾಳೆ ಕಿತ್ತು ಸುಡತಕ್ಕದ್ದು." ಉಳಿದವುಗಳಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಸಾಯುತ್ತಿದ್ದ ತಳಿಯನ್ನು ರೋಗನಿರೋಧಕವೆಂದು ಘೋಷಿಸಿ, ರೈತರಿಗೆ ಹಂಚಲು ಒಪ್ಪಿಗೆ ಕೊಟ್ಟಿತು.

"ನೆಡೋ ಕಡ್ಡಿಯಾದರೂ ಉಳಿಸಿ ಸಾರ್," ಎಂದಳು ಗೆಣಸಮ್ಮ ನಿರ್ದೇಶಕರಿಗೆ. "ಕಡ್ಡಿ ಹೋದರೆ ತಳೀನೇ ಹೋಯ್ತು."

"ಯಾವ ತಳಿ? ಪಟ್ಟಿಯಲ್ಲಿ ಇಲ್ಲವಲ್ಲ."

"ಹೊಲದಲ್ಲಿ ಇದೆಯಲ್ಲ."

"ಹೊಲ ಪಟ್ಟಿಗೆ ತಕ್ಕ ಹಾಗೆ ಇರಬೇಕಮ್ಮ. ಅದಕ್ಕೇ ತಾನೆ ನಿಮ್ಮನ್ನ ಇಟ್ಟಿರೋದು?"

ಸಂಜೆ ಗೆಣಸಮ್ಮ ಕೊನೆಯ ಸಾಲಿನ ಕಾಂಡಗಳನ್ನೆಲ್ಲ ಮೊಳದುದ್ದ ಕತ್ತರಿಸಿ, ಹೊರೆ ಕಟ್ಟಿ, ತಲೆಯ ಮೇಲಿಟ್ಟುಕೊಂಡು ಗೇಟಿಗೆ ಬಂದಳು.

"ಏನಕ್ಕಾ ಅದು?" ಕಾವಲುಗಾರ ತಡೆದ.

"ಕೊನೇ ಸಾಲಿನ ಕಡ್ಡಿ ಕಣಪ್ಪ."

ಅವನು ತನಗೆ ಕೊಟ್ಟಿದ್ದ ಸಮಿತಿಯ ಪಟ್ಟಿಯ ಮೇಲೆ ಎರಡು ಸಲ ಬೆರಳಾಡಿಸಿದ. "ಕೊನೇ ಸಾಲು ಅನ್ನೋದೇ ಇಲ್ಲವಲ್ಲ."

"ಇಲ್ಲ."

"ಇಲ್ಲದ್ದನ್ನ ತಡೆಯೋ ಅಧಿಕಾರ ನನಗಿಲ್ಲಕ್ಕ. ಹುಷಾರು, ಹೊರೆ ಒಂದು ಕಡೆಗೆ ವಾಲ್ತಿದೆ."

ಅದನ್ನು ಸರಿಪಡಿಸಿ, ಪುಸ್ತಕ ತೆರೆದು "ಬರಿಗೈಯಲ್ಲಿ ಹೊರಹೋದರು" ಎಂದು ಬರೆದ. ಗೆಣಸಮ್ಮನ ಎರಡೂ ಕೈ ಹೊರೆ ಹಿಡಿದಿದ್ದರಿಂದ ಅವಳ ಸಹಿಯನ್ನೂ ತಾನೇ ಹಾಕಿದ.